ಮೂವತ್ತನಾಲ್ಕಕ್ಕೇ ಮುಟ್ಟು ನಿಂತ ಮಗಳು

ನಾನು ಬ್ಯಾಡಗಿಯವಳು. ಒಣ ಮೆಣಸಿನಕಾಯಿಯ ತುಂಬು ಬಿಡಿಸುವುದು, ಅಂದರೆ ತೊಟ್ಟು ಕಿತ್ತು ಕಾಯಿ ಬೇರೆ ಮಾಡುವುದು, ನನ್ನ ಕೆಲಸ. ಮದುವೆಯಾಗಿ ಬಂದ ವರ್ಷ ಕುಳಿತವಳು ಇನ್ನೂ ಎದ್ದಿಲ್ಲ. ಹೊಸಬರು ಬಂದರೆ ಘಾಟಿಗೆ ಸೀನುತ್ತಾರೆ, ಕೆಮ್ಮುತ್ತಾರೆ, ಅದೇ ಕೈಯಿಂದ ಕಣ್ಣು ಉಜ್ಜಿಕೊಂಡು ಇನ್ನಷ್ಟು ಉರಿಸಿಕೊಳ್ಳುತ್ತಾರೆ. ಆದರೆ ಖಾರಕ್ಕೆ ಬೆವರಿ ಸೀರೆ ತೋಯಿಸಿಕೊಂಡವರನ್ನು ನಾನು ನೋಡಿರಲಿಲ್ಲ. ನನ್ನ ಮಗಳು ತೋಯಿಸಿಕೊಂಡಳು.

ಹೋದ ಚಳಿಗಾಲದ ಮಾತು. ಮಗಳು ತವರಿಗೆ ಅಂತ ಬಂದಿದ್ದಳು. ಸುಮ್ಮನೆ ಕೂರುವ ಹೆಣ್ಣಲ್ಲ, ನನ್ನ ಜೊತೆ ಶೆಡ್ಡಿಗೆ ಬಂದು ರಾಶಿಯ ಮುಂದೆ ಕುಳಿತಳು. ಬೆಳಗಿನ ಹೊತ್ತು. ನಾವೆಲ್ಲ ತಲೆಗೆ ಸೆರಗು ಸುತ್ತಿಕೊಂಡು ನಡುಗುತ್ತಿದ್ದೆವು. ಇದ್ದಕ್ಕಿದ್ದಂತೆ ಅವಳ ಎದೆಯಿಂದ ಕೆಂಪು ಏರಿತು. ಕುತ್ತಿಗೆ, ಗಲ್ಲ, ಕಿವಿ ಎಲ್ಲ ಎದುರಿಗಿದ್ದ ಕಾಯಿಯ ಬಣ್ಣವಾದವು. ಹಣೆಯಿಂದ ಬೆವರು ತೊಟ್ಟಿಕ್ಕಿತು. ತಲೆಯ ಸೆರಗು ಕಿತ್ತು ಬಾಗಿಲ ಕಡೆ ಓಡಿದಳು.

"ಖಾರ ನೆತ್ತಿಗೇರೇತಿ, ನೀರ ಕುಡಸ್ರಿ" ಅಂತ ಒಬ್ಬಳು ಅಂದಳು.

"ಖಾರ ಅಲ್ಲ, ಬಸರು! ಮುಖ ಹೆಂಗ ಹೊಳಿಯಾಕತ್ತೈತಿ ನೋಡ್ರಿ. ಏ ಆಯಿ, ಮೂರನೇ ಮೊಮ್ಮಗ ಬರಾಕತ್ತಾನ, ಪೇಡೆ ತರಸು" ಅಂತ ಇನ್ನೊಬ್ಬಳು. ಎಲ್ಲರೂ ನಕ್ಕರು.

ನನಗೆ ನಗು ಬರಲಿಲ್ಲ. ಎರಡನೆಯ ಮಗು ಆದ ಕೂಡಲೇ ಅವಳಿಗೆ ಮಕ್ಕಳಾಗದ ಆಪರೇಷನ್ ಆಗಿತ್ತು. ಅದೇನಾದರೂ ಕೆಟ್ಟಿತೋ ಅನ್ನಿಸಿತು. ಹೊರಗೆ ಹೋಗಿ ಕೇಳಿದೆ.

"ಹೊರಗಾಗಿ ಎಷ್ಟ ದಿನ ಆತು?"

"ದಿನ ಅಲ್ಲಬೇ. ಎಂಟ ತಿಂಗಳಾತು."

ಅವಳ ಹೊಟ್ಟೆ ನೋಡಿದೆ. ಹಲಗೆಯ ಹಾಗಿತ್ತು.

"ಬಸರೇನಲ್ಲ" ಅಂದಳು. "ಔಷಧದ ಅಂಗಡಿಯಿಂದ ಪಟ್ಟಿ ತಂದು ನೋಡೇನಿ. ಎರಡ ಸಲ ನೋಡೇನಿ."

"ಮತ್ತ ನನಗ್ಯಾಕ ಹೇಳಲಿಲ್ಲ?"

"ಹೇಳೂದೇನೈತಿ? ನಮ್ಮತ್ತಿ ಖುಷಿ ಆಗ್ಯಾಳ."

ಬೀಗತಿಗೆ ಯಾಕೆ ಖುಷಿ ಅನ್ನುವುದನ್ನು ಹೇಳಬೇಕು. ಮಗಳನ್ನು ಕೊಟ್ಟದ್ದು ಹಾವೇರಿಯ ಹತ್ತಿರ, ಕರ್ಜಗಿ ಕಡೆಯ ಒಂದು ಹಳ್ಳಿಗೆ. ಅಲ್ಲಿ ಅತ್ತೆ ಸೊಸೆ ಇಬ್ಬರೂ ಒಬ್ಬ ಸಾಹುಕಾರರ ಎಲೆಬಳ್ಳಿ ತೋಟಕ್ಕೆ ಕೂಲಿಗೆ ಹೋಗುತ್ತಾರೆ. ವೀಳ್ಯದೆಲೆ ಎಣಿಸಿ ಕಟ್ಟು ಕಟ್ಟುವ ಕೆಲಸ. ಎಲೆಬಳ್ಳಿಗೆ ಮಡಿ ಬೇಕು ಅನ್ನುತ್ತಾರೆ. ಚಪ್ಪಲಿ ಬೇಲಿಯ ಹೊರಗೇ ಬಿಡಬೇಕು. ಮುಟ್ಟಾದ ಹೆಂಗಸು ಒಳಗೆ ಕಾಲಿಟ್ಟರೆ ಬಳ್ಳಿ ಸೊರಗಿ ಒಣಗುತ್ತದೆ ಅನ್ನುವುದು ಆ ತೋಟದವರ ನಂಬಿಕೆ. ಹಾಗಾಗಿ ತಿಂಗಳಿಗೆ ನಾಲ್ಕು ದಿನ ಕೆಲಸವಿಲ್ಲ, ಕೂಲಿಯೂ ಇಲ್ಲ. ಆ ದಿನಗಳಲ್ಲಿ ಬೀಗತಿ ಸೊಸೆಯನ್ನು ಒಲೆಯ ಹತ್ತಿರವೂ ಬಿಡುವುದಿಲ್ಲ. ಪಡಸಾಲೆಯ ಪಕ್ಕದ ಕೋಣೆಯಲ್ಲಿ ಕೂರಿಸಿ, ತಟ್ಟೆ ಹೊಸ್ತಿಲಲ್ಲಿ ಇಡುತ್ತಾಳೆ.

ಮುಟ್ಟು ನಿಂತ ಮೇಲೆ ಮಗಳು ತಿಂಗಳಿಡೀ ತೋಟಕ್ಕೆ ಹೋದಳು. ತಿಂಗಳಿಡೀ ಒಲೆಯ ಮುಂದೆ ಕುಳಿತಳು. ಸಾಹುಕಾರರಿಗೂ ಹಿತ, ಬೀಗತಿಗೂ ಹಿತ. ತೋಟದ ಉಳಿದ ಹೆಂಗಸರಿಗೆ ಹೊಟ್ಟೆಕಿಚ್ಚು.

ನನಗೆ ನಿಂತದ್ದು ಐವತ್ತರ ಹತ್ತಿರ. ನನ್ನ ಅವ್ವನಿಗೂ ಹಾಗೇ. ಮೂವತ್ತನಾಲ್ಕು ಅಂದರೆ ಏನು ವಯಸ್ಸು? ಅವಳ ಕಿರಿಯ ಮಗ ಇನ್ನೂ ಚಡ್ಡಿಯ ಗುಂಡಿ ಹಾಕಿಕೊಳ್ಳಲು ಕಲಿತಿರಲಿಲ್ಲ. ಅವತ್ತೇ ತುಂಬಿನ ಬುಟ್ಟಿ ಅಲ್ಲೇ ಬಿಟ್ಟು ಹಾವೇರಿಯ ಬಸ್ಸು ಹತ್ತಿಸಿದೆ.

ಹಾವೇರಿಯ ಹೆಣ್ಣು ಡಾಕ್ಟರು ಸಣ್ಣ ವಯಸ್ಸಿನವರು. ರಕ್ತ ತೆಗೆಸಿದರು, ಹೊಟ್ಟೆಯ ಸ್ಕ್ಯಾನ್ ಮಾಡಿಸಿದರು. ಒಂದು ಸಲದ ಪರೀಕ್ಷೆ ಸಾಲದು, ತಿಂಗಳು ಬಿಟ್ಟು ಮತ್ತೆ ಬನ್ನಿ ಅಂದರು. ಹೋದೆವು. ಎರಡನೆಯ ಸಲದ ಕಾಗದ ನೋಡಿ ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟರು.

"ನೋಡ್ರಿ ಅಮ್ಮಾ, ಎರಡೂ ಸಲ ರಕ್ತದಾಗ ಒಂದ ಥರಾ ಬಂದೈತಿ. ಇಕಿ ಮುಟ್ಟು ನಿಂತಂಗ."

"ಅವ್ವಾರ, ಚೀಟಿ ಅದಲುಬದಲು ಆಗಿರಬೇಕು ನೋಡ್ರಿ" ಅಂದೆ. "ಮುಟ್ಟು ನಿಂತಾಕಿ ನಾನು. ಇಕಿ ನನ್ನ ಮಗಳು."

ಅವರು ನಗಲಿಲ್ಲ.

"ಗರ್ಭಚೀಲದ ಎರಡೂ ಕಡೆ ತತ್ತಿ ಮಾಡೂ ಚೀಲ ಇರತಾವು. ಇಕಿಗೆ ಅವು ಲಗೂನ ಕೆಲಸ ನಿಲ್ಲಿಸ್ಯಾವು. ಅಪರೂಪಕ್ಕ ಒಮ್ಮೊಮ್ಮೆ ಮುಟ್ಟು ಬರಬಹುದು, ಆದ್ರ ಮೊದಲಿನಂಗ ಅಲ್ಲ. ಮೈ ತಾನ ಮಾಡಬೇಕಾದ ಹಾರ್ಮೋನು ಮಾಡವಲ್ದು. ಹಿಂಗ ಬಿಟ್ರ ಎಲುಬು ಸವೀತಾವು, ಹೃದಯಕ್ಕೂ ಚಲೋ ಅಲ್ಲ. ಅದಕ್ಕ ಹೊರಗಿಂದ ಕೊಡಬೇಕು."

"ಎಷ್ಟ ದಿನಾ ಕೊಡ್ತೀರಿ?"

"ಐವತ್ತರ ತನಕ."

ನಾನು ಹದಿನೈದು ದಿನ ಅನ್ನುತ್ತಾರೆ ಅಂದುಕೊಂಡಿದ್ದೆ. ಹೆಚ್ಚೆಂದರೆ ಒಂದು ತಿಂಗಳು.

"ಮಕ್ಕಳಾಗದ ಆಪರೇಷನ್ ಮಾಡಿಸಿದ್ದಕ್ಕ ಹಿಂಗಾತೇನ್ರಿ?"

"ಅದಕ್ಕೂ ಇದಕ್ಕೂ ಸಂಬಂಧ ಇಲ್ರಿ. ಭಾಳ ಮಂದಿಗೆ ಕಾರಣನ ಸಿಗಂಗಿಲ್ಲ."

ಇದು ನನಗೆ ಎಲ್ಲಕ್ಕಿಂತ ಜೋರಾಗಿ ಬಡಿಯಿತು. ನನಗೆ ಕಾರಣ ಬೇಕಾಗಿತ್ತು. ಬೈಯಲು ಯಾರಾದರೂ ಬೇಕಾಗಿತ್ತು. ಮಗಳು ಮಾತ್ರ ಕೊನೆಗೆ ಒಂದೇ ಮಾತು ಕೇಳಿದಳು.

"ಔಷಧ ತಗೊಂಡ್ರ ನಿದ್ದಿ ಬರತೈತೇನ್ರಿ?"

ನಾನು ತಿರುಗಿ ಅವಳ ಮುಖ ನೋಡಿದೆ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ರಾತ್ರಿಯಿಡೀ ಬೆಂಕಿ ಹತ್ತಿದಂತೆ ಮೈ ಉರಿದು ಬೆವರಿ ಏಳುತ್ತಾಳಂತೆ, ಆಮೇಲೆ ಚಳಿ ಹತ್ತುತ್ತದಂತೆ, ಮತ್ತೆ ಉರಿ. ಹೀಗೆ ಬೆಳಗಾಗುತ್ತದಂತೆ. ಇದನ್ನು ಡಾಕ್ಟರ ಮುಂದೆ ಹೇಳಿದಳು. ಹೆತ್ತವಳು ನಾನು ಪಕ್ಕದ ಕುರ್ಚಿಯಲ್ಲಿ ಕುಳಿತು ಹೊಸ ಸುದ್ದಿಯಂತೆ ಕೇಳಿದೆ.

ಡಾಕ್ಟರು ಬಿಪಿ ನೋಡಿದರು. ಮನೆಯಲ್ಲಿ ಯಾರಿಗಾದರೂ ಎದೆಯ ಕ್ಯಾನ್ಸರ್ ಆಗಿತ್ತೇ, ರಕ್ತ ಹೆಪ್ಪುಗಟ್ಟಿತ್ತೇ ಅಂತೆಲ್ಲ ಕೇಳಿದರು. ಇಲ್ಲ ಅಂದೆವು. ಎರಡು ಥರದ ಮಾತ್ರೆ ಕೊಟ್ಟರು, ಒಂದು ದಿನಾಲೂ, ಇನ್ನೊಂದು ತಿಂಗಳ ಕೊನೆಗೆ ಕೆಲವು ದಿನ. ಇನ್ನೂ ಏನೇನೋ ಹೇಳಿದರು. ಐವತ್ತರ ತನಕ ಅಂದ ಮೇಲೆ ನಮ್ಮಿಬ್ಬರ ಕಿವಿಗೆ ಬೇರೆ ಯಾವ ಮಾತೂ ಹೋಗಲಿಲ್ಲ.

ಮಗಳನ್ನು ಬಿಡಲು ಹಳ್ಳಿಗೆ ಹೋದೆ. ಬೀಗತಿ ಚಹಾ ಕೊಟ್ಟಳು, ಮಾತನ್ನೂ ಕೊಟ್ಟಳು.

"ಏನ್ರಿ ಬೀಗತ್ಯಾರ, ಪುಣ್ಯಾ ಮಾಡಿದ್ರ ಸಿಗೂದು ಇದು. ನಾನು ಐವತ್ತು ದಾಟೂ ತನಕ ಬಡಕೊಂಡೆ. ಇಕಿ ಮೂವತ್ನಾಕಕ್ಕ ಪಾರಾದ್ಲು. ಇದಕ್ಕ ಔಷಧ ಬ್ಯಾರೆ!"

"ಪುಣ್ಯಾ ಇದ್ರ ನಿದ್ದಿ ಬರಬೇಕಿತ್ತಲ್ರಿ. ಅಕಿ ಕಣ್ಣ ನೋಡೀರೇನು?"

"ಕಣ್ಣ? ಮೊಬೈಲ್ ನೋಡಿ ನೋಡಿ ಹಂಗಾಗ್ಯಾವು."

ಮಗಳ ಹತ್ತಿರ ಇದ್ದದ್ದು ಗುಂಡಿ ಒತ್ತುವ ಫೋನು. ಅದರಲ್ಲಿ ನೋಡಲು ಏನೂ ಇರಲಿಲ್ಲ.

ಮಾತ್ರೆ ಶುರುವಾಯಿತು. ಮೊದಮೊದಲು ಹೊಟ್ಟೆ ತೊಳಸಿ ವಾಂತಿ ಮಾಡಿಕೊಂಡಳು. ಎದೆ ಭಾರವಾಗಿ ನೋಯುತ್ತದೆ ಅಂದಳು. ಆದರೆ ಉರಿ ಇಳಿಯುತ್ತ ಬಂತು. ಒಂದು ಬೆಳಿಗ್ಗೆ ಫೋನು ಮಾಡಿದಳು. "ಯವ್ವಾ, ಇವತ್ತ ಕೋಳಿ ಕೂಗಿದ್ದು ನನಗ ಕೇಳಿಸಲೇ ಇಲ್ಲ ನೋಡ" ಅಂದಳು. ದನಿಯಲ್ಲಿ ನಗು ಇತ್ತು. ನಾನು ಅವತ್ತು ಎಂದಿಗಿಂತ ಹೆಚ್ಚು ಕಾಯಿ ಬಿಡಿಸಿದೆ.

ಅದಾದ ಕೆಲವು ದಿನಕ್ಕೆ ಮತ್ತೆ ಫೋನು.

"ಯವ್ವಾ, ಹೊರಗಾಗೇನಿ."

"ಏನಂದಿ?" ಅಂತ ನಾನು ಕೂಗಿದ ಕೂಗಿಗೆ ಇಡೀ ಶೆಡ್ಡು ಕೈ ನಿಲ್ಲಿಸಿತು. ಇನ್ನು ಮೊದಲಿನಂತೆ ಬರುವುದಿಲ್ಲ ಅಂತ ದೊಡ್ಡ ಓದು ಓದಿದವರು ಹೇಳಿದ್ದರು. ಈಗ ರಕ್ತ ಎಲ್ಲಿಂದ ಬಂತು? ಒಳಗೆ ಏನು ಹರಿಯಿತು? ಹಾವೇರಿಗೆ ಓಡಿದೆವು. ಡಾಕ್ಟರು ಹಣೆಯ ಮೇಲೆ ಕೈ ಇಟ್ಟುಕೊಂಡರು.

"ಅವತ್ತ ಹೇಳಿದ್ನಲ್ರಿ! ಎರಡನೇ ಮಾತ್ರಿ ಮುಗಿದ ಮ್ಯಾಲೆ ನಾಕ ದಿನ ರಕ್ತ ಹೋಗತೈತಿ. ಗರ್ಭಚೀಲದ ಒಳಗಿನ ಪದರು ದಪ್ಪ ಆಗಬಾರದಂತ ಕೊಡೂದು ಆ ಮಾತ್ರಿ. ಹೆದರೂದು ಏನಿಲ್ಲ."

ಹೆದರಿಕೆ ಬೇರೆ ಕಡೆ ಕಾಯುತ್ತಿತ್ತು. ಬೀಗತಿ ಬಾಗಿಲಲ್ಲೇ ಹಿಡಿದಳು.

"ರೊಕ್ಕಾ ಕೊಟ್ಟು ಮುಟ್ಟು ತಂದುಕೊಂಡಾಳ! ದೇವರ ನಿಲ್ಲಿಸಿದ್ದನ್ನ ಎಬ್ಬಿಸ್ಯಾರ! ಸಾಹುಕಾರರಿಗೆ ನಾ ಏನ ಹೇಳ್ಲಿ? ಇನ್ನೊಂದ ಮಾತ್ರಿ ನುಂಗಿದ್ರ ನೋಡು. ಮ್ಯಾಲೆ ಕ್ಯಾನ್ಸರ್ ಬರತೈತಂತ ಇಂಥವ್ಕ."

ಕ್ಯಾನ್ಸರಿನ ಮಾತು ನನ್ನನ್ನೂ ತಿಂದಿತ್ತು, ಡಾಕ್ಟರನ್ನು ಕೇಳಿದ್ದೆ. ವಯಸ್ಸಾದವರು ಹೊಸದಾಗಿ ತೆಗೆದುಕೊಳ್ಳುವ ಲೆಕ್ಕ ಬೇರೆ, ಈ ವಯಸ್ಸಿನಲ್ಲಿ ಮೈಯಲ್ಲಿ ಇರಬೇಕಾದದ್ದನ್ನೇ ನಾವು ತುಂಬಿಕೊಡುತ್ತಿದ್ದೇವೆ ಅಂದಿದ್ದರು. ಬೀಗತಿಗೆ ಹೇಳಿದೆ. ಕೇಳಲಿಲ್ಲ. ಅಳಿಯ ಟಂಟಂ ಗಾಡಿ ಓಡಿಸುತ್ತಾನೆ, ತೋಟದ ಎಲೆಯ ಕಟ್ಟುಗಳನ್ನು ಹಾವೇರಿಗೆ ಒಯ್ಯುವವನೂ ಅವನೇ. "ಸದ್ಯಕ್ಕ ಅವ್ವ ಹೇಳಿದಂಗ ಮಾಡು" ಅಂತ ಹೆಂಡತಿಗೆ ಹೇಳಿ ಗಾಡಿ ಹತ್ತಿದ. ಮಗಳು ಮಾತ್ರೆ ಬಿಟ್ಟಳು.

ನಾನು ಮತ್ತೆ ಆ ಹಳ್ಳಿಗೆ ಹೋಗುವ ಹೊತ್ತಿಗೆ ಬೇಸಿಗೆ. ಮನೆಯಲ್ಲಿ ಯಾರೂ ಇರಲಿಲ್ಲ. ಚಪ್ಪಲಿ ಬೇಲಿಯ ಹೊರಗೆ ಬಿಟ್ಟು ತೋಟದೊಳಗೆ ಹೋದೆ. ಮಗಳು ಒದ್ದೆ ಗೋಣಿಯ ಮೇಲೆ ಎಲೆಯ ರಾಶಿ ಇಟ್ಟುಕೊಂಡು ಎಣಿಸುತ್ತಿದ್ದಳು. ನಡುವೆ ಎಣಿಕೆ ತಪ್ಪಿತು. ಎಲ್ಲ ಕೆಳಗೆ ಹಾಕಿ ಮೊದಲಿನಿಂದ ಶುರು ಮಾಡಿದಳು. ಮತ್ತೆ ತಪ್ಪಿತು. ಈ ಹುಡುಗಿ ಹಿಂದೆ ಜಗಳ ಆಡುತ್ತ, ಮಗುವಿಗೆ ಹಾಲೂಡಿಸುತ್ತ ಎಣಿಸಿದರೂ ಒಂದು ಎಲೆ ತಪ್ಪುತ್ತಿರಲಿಲ್ಲ.

ತೋಟದ ಮೇಸ್ತ್ರಿ ಬಂದ. "ಏನವಾ, ನಿನ್ನಿ ನಿನ್ನ ಕಟ್ಟು ಹಾವೇರಿಯಿಂದ ವಾಪಸ್ ಬಂದಾವು. ಎಲಿ ಕಡಿಮಿ ಅದಾವಂತ. ಎಣಿಸೂದು ಮರತಿಯೋ, ನಡುವ ಎಲಿ ತಿಂದಿಯೋ?"

ಹೆಂಗಸರು ಕಿಸಕ್ಕೆಂದರು. ಮಗಳಿಗೆ ಉರಿ ಏರಿತು. ನೋಡು ನೋಡುತ್ತಲೇ ಕುತ್ತಿಗೆ ಕೆಂಪಾಯಿತು. ತಲೆ ಬಗ್ಗಿಸಿ ಆ ತಣ್ಣನೆಯ ಎಲೆಯ ರಾಶಿಯಲ್ಲಿ ಮುಖ ಒತ್ತಿ ಹಾಗೇ ಕುಳಿತುಬಿಟ್ಟಳು. ಮುಖ ಎತ್ತದೇ ಹೇಳಿದಳು.

"ಯವ್ವಾ, ಸಾಯೂದಕ್ಕ ನನಗ ಹೆದರಿಕಿಲ್ಲ. ಎಚ್ಚರ ಇರೂದಕ್ಕ ಹೆದರಿಕಿ ಬರಾಕತ್ತೈತಿ."

ನನ್ನ ಗಂಡ ಸತ್ತಾಗ, ಮಳೆಗೆ ಮನೆಯ ಗೋಡೆ ಬಿದ್ದಾಗ ನಾನು ಹೆದರಿರಲಿಲ್ಲ. ಅವತ್ತು ಹೆದರಿದೆ. ಮರುದಿನ ಬೀಗತಿಗೆ ದೇವರ ಹರಕೆ ಐತಿ ಅಂತ ಸುಳ್ಳು ಹೇಳಿ ಮಗಳನ್ನು ರಾಣೇಬೆನ್ನೂರಿಗೆ ಕರೆದುಕೊಂಡು ಹೋದೆ. ಅಲ್ಲಿ ಹೆಂಗಸರ ಡಾಕ್ಟರು ಒಬ್ಬರು ನನ್ನ ವಯಸ್ಸಿನವರು ಇದ್ದಾರೆ, ನಿಧಾನಕ್ಕೆ ಕೇಳುತ್ತಾರೆ ಅಂತ ಶೆಡ್ಡಿನವರು ಹೇಳಿದ್ದರು.

ಅವರು ಹಳೆಯ ಕಾಗದ ನೋಡಿದರು. ಹಾವೇರಿಯವರು ಕೊಟ್ಟದ್ದು ಸರಿಯಾದ ಔಷಧವೇ, ಆದರೆ ಒಬ್ಬರಿಗೆ ಒಗ್ಗಿದ ರೀತಿ ಇನ್ನೊಬ್ಬರಿಗೆ ಒಗ್ಗುವುದಿಲ್ಲ, ಬದಲಿಸಿ ನೋಡಬೇಕು, ಬಿಟ್ಟು ಕೂರಬಾರದು ಅಂದರು. ಹೊಟ್ಟೆ ತೊಳಸುವುದಕ್ಕೆ ದಿನದ ಮಾತ್ರೆ ತೆಗೆದು, ತೊಡೆಗೆ ಹಚ್ಚಿಕೊಳ್ಳುವ ಜೆಲ್ ಕೊಡುತ್ತೇನೆ ಅಂದರು. ಹಚ್ಚಿ ಒಣಗಲು ಬಿಡಬೇಕು, ಕೈ ಸೋಪಿನಿಂದ ತೊಳೆಯಬೇಕು, ಅದು ಮಕ್ಕಳ ಮೈಗೆ ತಾಗಬಾರದು. ಎರಡನೆಯ ಮಾತ್ರೆ ಮಲಗುವ ಮುಂಚೆ, ಅದರಿಂದ ಸ್ವಲ್ಪ ನಿದ್ದೆಯೂ ಹತ್ತುತ್ತದೆ.

ನಾನು ನಡುವೆ ಬಾಯಿ ಹಾಕಿದೆ. "ಅವ್ವಾರ, ರಕ್ತ ಬರದಂಗ ಕೊಡ್ರಿ. ಅದರಿಂದನ ಎಲ್ಲಾ ರಾಡಿ ಆಗೈತಿ." ತೋಟದ ಕಥೆ ಹೇಳಿದೆ.

"ಬರದಂಗ ಕೊಡಾಕ ಬರತೈತಿ" ಅಂದರು. "ಎರಡೂ ಔಷಧ ತಿಂಗಳಿಡೀ ತಗೋಬೇಕು. ಮೊದಲ ಕೆಲವು ತಿಂಗಳು ನಡನಡುವ ರಕ್ತದ ಒಂದೊಂದ ಕಲಿ ಕಾಣಬಹುದು, ಆಮ್ಯಾಲೆ ನಿಲ್ಲತೈತಿ. ಹೆಂಗ ತಗೊಂಡ್ರೂ ಎಲುಬಿಗೆ ಸಿಗೂದು ಸಿಗತೈತಿ." ಆಮೇಲೆ ನನ್ನನ್ನು ಬಿಟ್ಟು ಮಗಳ ಕಡೆ ತಿರುಗಿದರು. "ನಿನಗ ಯಾವುದು ಬೇಕವಾ?"

"ರಕ್ತ ಬರೂದನ್ನ ಕೊಡ್ರಿ" ಅಂದಳು ಮಗಳು.

ನಾನು ಕುರ್ಚಿಯಿಂದ ಎದ್ದೆ. "ತಲಿ ನೆಟ್ಟಗೈತೇನ ನಿಂದು? ಅದಕ್ಕನ ಅಲ್ಲೇನ ನಿಮ್ಮತ್ತಿ ಮನಿ ತಲಿ ಮ್ಯಾಲೆ ಹೊತ್ತಕೊಂಡಿದ್ದು? ತೋಟದಾಗ ಬಳ್ಳಿ—"

"ಬಳ್ಳಿಗೇನೂ ಆಗಂಗಿಲ್ಲಬೇ" ಅಂದಳು. "ಮಾತ್ರಿ ತಗೊಂಡು ಮೊದಲನೇ ಸಲ ರಕ್ತ ಬಂದಾಗ ನಾ ತೋಟದ ನಟ್ಟನಡುವ ಇದ್ದೆ. ಹೆದರಿ ಯಾರಿಗೂ ಹೇಳಲಿಲ್ಲ. ಸಂಜಿ ತನಕ ಅಲ್ಲೇ ಕುಂತು ಎಲಿ ಕಟ್ಟೇನಿ. ಆ ಸಾಲಿನ ಬಳ್ಳಿ ಇವತ್ತೂ ಹಚ್ಚಗ ಅದಾವು. ದಿನಾ ನೋಡ್ತೇನಿ."

ನಾನು ಕುಳಿತುಕೊಂಡೆ. ಡಾಕ್ಟರು ಕೇಳಿದರು. "ಮತ್ತ ಇದ ಯಾಕ ಬೇಕು ನಿನಗ?"

"ಆ ನಾಕ ದಿನ ನನ್ನನ್ನ ಯಾರೂ ಕರಿಯಂಗಿಲ್ರಿ. ತೋಟ ಇಲ್ಲ, ಒಲಿ ಇಲ್ಲ. ಕೋಣ್ಯಾಗ ಮಲಗಿದ್ರ ಯಾರೂ ಎಬ್ಬಸಂಗಿಲ್ಲ. ಮುಟ್ಟು ನಿಂತ ಮ್ಯಾಲೆ ನನಗ ಒಂದ ದಿನಾನೂ ಸೂಟಿ ಸಿಕ್ಕಿಲ್ರಿ."

ಈ ಪದ್ಧತಿ ಒಳ್ಳೆಯದು ಅಂತ ನಾನು ಹೇಳುತ್ತಿಲ್ಲ. ಹೆಣ್ಣನ್ನು ಮೂಲೆಗೆ ಕೂರಿಸುವುದು ಕೆಟ್ಟದ್ದೇ. ಆದರೆ ಆ ಮೂಲೆಯನ್ನು ಕೈ ಮುಗಿದು ಕೇಳಬೇಕಾದ ಬಾಳು ಎಂಥದ್ದು ಅಂತ ನನಗೆ ಗರ ಬಡಿದಂತಾಯಿತು. ಡಾಕ್ಟರು ಅವಳು ಕೇಳಿದ್ದನ್ನೇ ಬರೆದುಕೊಟ್ಟರು.

ಈ ಸಲ ಮಗಳು ಯಾವುದನ್ನೂ ಬಚ್ಚಿಡಲಿಲ್ಲ. ಮನೆಗೆ ಹೋದವಳೇ ಔಷಧ ತಂದು ಅತ್ತೆಯ ಮುಂದೆ ಇಟ್ಟಳು.

"ಅತ್ತಿ, ಇದನ್ನ ನಾ ಬಿಡಂಗಿಲ್ಲ. ತಿಂಗಳಾ ಹೊರಗಾಗತೇನಿ. ಬ್ಯಾಡ ಅಂದ್ರ ಮಕ್ಕಳನ್ನ ಕರಕೊಂಡು ಬ್ಯಾಡಗಿಗೆ ಹೊಕ್ಕೇನಿ, ಅವ್ವನ ಕೂಡ ತುಂಬು ಬಿಡಿಸ್ತೇನಿ."

"ಹೋಗು, ಯಾರು ಹಿಡದಾರ ನಿನ್ನ?" ಅಂದಳು ಬೀಗತಿ.

ಅಳಿಯ ಉಣ್ಣುತ್ತ ಕುಳಿತಿದ್ದ. ಅವನು ಅವ್ವನ ಎದುರು ಬಾಯಿ ಬಿಟ್ಟದ್ದನ್ನು ನಾನು ಅವತ್ತೇ ಕಂಡೆ. "ಅವ್ವಾ, ಎಣಿಕಿ ತಪ್ಪಿದ ಕಟ್ಟು ವಾಪಸ್ ಬಂದದ್ದು ನನ್ನ ಗಾಡ್ಯಾಗ. ಪ್ಯಾಟ್ಯಾಗ ನನ್ನ ಮಾರಿ ಮ್ಯಾಲೆ ಒಗದ್ರು. ಅಕಿ ಔಷಧ ಹಚ್ಚಿಕೊಳ್ಳಲಿ, ಬಿಡು."

ಬೀಗತಿ ಬಿಟ್ಟಳು ಅನ್ನಲಾರೆ. ಗೊಣಗುವುದನ್ನು ಇವತ್ತಿಗೂ ಬಿಟ್ಟಿಲ್ಲ. ಒಂದು ದಿನ ಆ ಜೆಲ್ ಮಂಡಿನೋವಿನ ಮುಲಾಮು ಅಂತ ತಿಳಿದು ಎರಡೂ ಮೊಣಕಾಲಿಗೆ ತಿಕ್ಕಿಕೊಂಡಳು. ಅದೇನು ಅಂತ ಸೊಸೆ ಹೇಳಿದ ಮೇಲೆ ನನಗೇ ಫೋನು ಮಾಡಿಸಿದಳು. "ಬೀಗತ್ಯಾರ, ನನಗೂ ಮತ್ತ ಶುರು ಆಗತೈತೇನ್ರಿ?" ರಾಣೇಬೆನ್ನೂರಿನ ಡಾಕ್ಟರನ್ನು ಕೇಳಿದೆ. ಸೋಪು ಹಚ್ಚಿ ತೊಳೆಯಲಿ, ಒಂದು ಸಲಕ್ಕೆ ಏನಾಗುವುದಿಲ್ಲ, ಇನ್ನೊಮ್ಮೆ ಮುಟ್ಟಬಾರದು ಅಂದರು. ಆಮೇಲೆ ಬೀಗತಿ ಆ ಡಬ್ಬಿಯ ಹತ್ತಿರ ಸುಳಿದಿಲ್ಲ.

ಹೊಟ್ಟೆ ತೊಳಸುವುದು ನಿಂತಿತು. ಉರಿ ಪೂರಾ ಹೋಗಿಲ್ಲ, ಒಮ್ಮೊಮ್ಮೆ ಬರುತ್ತದೆ, ಲಗೂ ಇಳಿಯುತ್ತದೆ. ಜೆಲ್ಲಿನ ಅಳತೆಯನ್ನು ಡಾಕ್ಟರು ಒಂದು ಸಲ ಹೆಚ್ಚಿಸಿದರು. ಮಗಳ ಕಟ್ಟುಗಳು ಹಾವೇರಿಯಿಂದ ವಾಪಸ್ ಬರುವುದಿಲ್ಲ.

ಮೊನ್ನೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು. ಬೀಗತಿ ಒಬ್ಬಳೇ ಹೊಗೆಯಲ್ಲಿ ಕುಳಿತು ರೊಟ್ಟಿ ಬಡಿಯುತ್ತಿದ್ದಳು. "ಎಲ್ಲಿ ಹೋಗ್ಯಾಳ ನನ್ನ ಮಗಳು?" ಅಂತ ಬಾಗಿಲಿನಿಂದಲೇ ಕೂಗಿದೆ.

ಬೀಗತಿ ಹಿಟ್ಟಿನ ಕೈ ಎತ್ತಿ ನನ್ನ ಬಾಯಿ ಮುಚ್ಚುವವಳಂತೆ ಓಡಿ ಬಂದಳು.

"ಶ್! ಗಂಟಲೋ ಡಂಗುರೋ ನಿಮ್ದು? ಉಂಡು ಮಲಗ್ಯಾಳ. ಹೊರಗಾಗ್ಯಾಳ ನೋಡ್ರಿ, ಎಬ್ಬಸಾಕ ಆ ಕೋಣ್ಯಾಗ ನಾ ಹೋಗಂಗಿಲ್ಲ. ಮೆಲ್ಲಕ ಮಾತಾಡ್ರಿ."

ಆ ಮನೆಯಲ್ಲಿ ನನಗೆ ಎಷ್ಟೋ ಸಲ ಎದೆ ಧಸಕ್ಕೆಂದಿದೆ. ಆದರೆ ಬೀಗತಿ ನನ್ನ ಮಗಳ ನಿದ್ದೆ ಕಾಯುವುದನ್ನು ನೋಡುತ್ತೇನೆ ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಮಗಳು ಬಾಯಿ ತೆರೆದು, ಕಾಲು ಚಾಚಿ, ಸತ್ತವರ ಹಾಗೆ ಮಲಗಿದ್ದಳು. ಒಂದು ಗಳಿಗೆ ಹೆದರಿ ಎದೆ ಏರಿ ಇಳಿಯುತ್ತದೆಯೇ ಅಂತ ನೋಡಿದೆ. ಇಳಿಯುತ್ತಿತ್ತು, ಏರುತ್ತಿತ್ತು.

ಹೊಸ್ತಿಲ ಪಕ್ಕ ಕುಳಿತೆ. ಬೀಗತಿ ಒಂದು ರೊಟ್ಟಿ, ಪುಂಡಿಪಲ್ಯ ತಂದು ಕೈಗೆ ಕೊಟ್ಟಳು, ಸದ್ದಿಲ್ಲದೆ ತಿಂದೆ. ಸಂಜೆಯ ಬ್ಯಾಡಗಿ ಬಸ್ಸಿನ ಹಾರ್ನು ಊರ ಮುಂದೆ ಕೇಳಿಸಿತು. ಮಗಳು ಏಳಲಿಲ್ಲ. ನಾನು ಬಸ್ಸು ಬಿಟ್ಟೆ.